ಒಂದು ಸಾಲಿನ ಹಿಂಬರಹದಿಂದ ಹಕ್ಕು ಅಳಿಯದು

ಕಾಡನ್ನು ಉಳಿಸುವುದೆಂದರೆ ಕಾಡಂಚಿನ ಮನುಷ್ಯನನ್ನು ಒಕ್ಕಲೆಬ್ಬಿಸುವುದೆಂದು ಭಾವಿಸಿದವರು ಸಂವಿಧಾನವನ್ನು ಅರ್ಧ ಮಾತ್ರ ಓದಿದವರು. 1976ರ 42ನೇ ತಿದ್ದುಪಡಿಯಿಂದ ಸೇರಿದ 48-ಎ ವಿಧಿಯು ಅರಣ್ಯ ರಕ್ಷಣೆಯನ್ನು ಸರ್ಕಾರದ ಹೊಣೆಯಾಗಿಸಿತು, ನಿಜ. ಆದರೆ ಅದು ನಿರ್ದೇಶಕ ತತ್ತ್ವ. 21ನೇ ವಿಧಿಯಾದರೋ ಮೂಲಭೂತ ಹಕ್ಕು. ಜೀವ, ಸ್ವಾತಂತ್ರ್ಯಗಳನ್ನು ಕಸಿಯುವ ಯಾವುದೇ ಕ್ರಮವು ನ್ಯಾಯಸಮ್ಮತವಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಸಾರಿತು. ಜೀವನೋಪಾಯವೂ ಜೀವಿಸುವ ಹಕ್ಕಿನ ಭಾಗವೆಂದು 1985ರಲ್ಲಿ, ಮಾಲಿನ್ಯರಹಿತ ನೀರು ಗಾಳಿಗಳೂ ಅದರಲ್ಲಿ ಅಡಕವೆಂದು 1991ರಲ್ಲಿ ಹೇಳಿತು. ಹೊಳೆಯ ನೀರನ್ನು ಕಾಯುವ ವಿಧಿಯೇ ಹೊಳೆದಂಡೆಯ ಗುಡಿಸಲನ್ನೂ ಕಾಯುತ್ತದೆ.

2006ರ ಅರಣ್ಯ ಹಕ್ಕು ಕಾಯ್ದೆಯು ಅರಣ್ಯವಾಸಿಗಳಿಗೆ ಆದದ್ದು ಚಾರಿತ್ರಿಕ ಅನ್ಯಾಯವೆಂದು ಪೀಠಿಕೆಯಲ್ಲಿಯೇ ಒಪ್ಪಿಕೊಂಡಿದೆ. ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸಬಾರದೆಂದು ಅದರ 4(5)ನೇ ಪ್ರಕರಣ ವಿಧಿಸುತ್ತದೆ. ಆದರೂ ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗೆ ಸಿಗುವ ಉತ್ತರ, "75 ವರ್ಷಗಳ ದಾಖಲೆಯಿಲ್ಲ" ಎಂಬ ಒಂದು ಸಾಲಿನ ಹಿಂಬರಹ. 2005ರಿಂದ ಹಿಂದೆ 75 ವರ್ಷವೆಂದರೆ 1930. ಅಂದು ಕೂಲಿಯವನ ಕೈಗೆ ಕಾಗದ ಕೊಟ್ಟವರಾರು? ಇದನ್ನರಿತೇ ನಿಯಮಗಳು ಊರ ಹಿರಿಯರ ಲಿಖಿತ ಹೇಳಿಕೆ, ಹಳೆಯ ಬಾವಿ, ಸ್ಮಶಾನ, ದೇವರ ಸ್ಥಳ, ಗದ್ದೆಯ ಬದುಗಳನ್ನೂ ಸಾಕ್ಷ್ಯವೆಂದು ಒಪ್ಪಿವೆ. ಇಂಥದೇ ದಾಖಲೆ ಬೇಕೆಂದು ಹಟ ಹಿಡಿಯುವಂತಿಲ್ಲ. ಅಹವಾಲು ಕೇಳದೆ, ಕಾರಣ ಬರೆಯದೆ ಅರ್ಜಿಯನ್ನು ತಳ್ಳಿಹಾಕುವಂತಿಲ್ಲ.

ಇದರ ನೆರಳಿನಲ್ಲಿ ಒತ್ತುವರಿದಾರರು ಬಚಾವಾಗುತ್ತಾರೆಂಬ ಆಕ್ಷೇಪವುಂಟು. ಬಡವನನ್ನು ಗುರಾಣಿ ಮಾಡಿಕೊಂಡು ಎಸ್ಟೇಟು ಹಿಗ್ಗಿಸಿದವರು ಮಲೆನಾಡಿನಲ್ಲಿ ಇಲ್ಲವೆನ್ನಲಾಗದು. ಆದರೆ ಕಾಯ್ದೆಯಲ್ಲಿ 4 ಹೆಕ್ಟೇರಿನ ಮಿತಿಯಿದೆ, 13 ಡಿಸೆಂಬರ್ 2005ರ ಗಡುವಿದೆ. ದೊಡ್ಡ ಒತ್ತುವರಿಯನ್ನು ತಡೆಯುವುದೂ ನ್ಯಾಯಬದ್ಧ ಪರಿಶೀಲನೆಯೇ. ಅದನ್ನು ಕೈಬಿಟ್ಟರೆ ಬಲಾಢ್ಯನು ಉಳಿಯುತ್ತಾನೆ, ಬಡವನು ಬೀದಿಗೆ ಬೀಳುತ್ತಾನೆ.

2019ರ ಫೆಬ್ರವರಿ 13ರಂದು ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸಲು ಆದೇಶಿಸಿದ ಸರ್ವೋಚ್ಚ ನ್ಯಾಯಾಲಯವೇ ಅದೇ 28ರಂದು ಆ ಆದೇಶವನ್ನು ತಡೆಹಿಡಿದು, ತಿರಸ್ಕಾರಕ್ಕೆ ಅನುಸರಿಸಿದ ಕ್ರಮವೇನೆಂದು ರಾಜ್ಯಗಳನ್ನು ಕೇಳಿತು. ಪ್ರಶ್ನೆಯ ತಿರುಳು ಇದೇ: ಕ್ರಮವಿಲ್ಲದ ತಿರಸ್ಕಾರ ತಿರಸ್ಕಾರವೇ ಅಲ್ಲ.

ಕಾಡು ಮತ್ತು ಜನ ಒಟ್ಟಿಗೆ ಉಳಿಯಲಾರರೆಂಬ ವಾದಕ್ಕೆ ಬಿಳಿಗಿರಿರಂಗನ ಬೆಟ್ಟದಲ್ಲಿ ಉತ್ತರವಿದೆ. ಹುಲಿ ರಕ್ಷಿತಾರಣ್ಯದೊಳಗೇ ಸೋಲಿಗರ ಸಾಮುದಾಯಿಕ ಹಕ್ಕುಗಳಿಗೆ 2011ರಲ್ಲಿ ಮಾನ್ಯತೆ ದೊರೆಯಿತು. ಇತ್ತ ಕುದುರೆಮುಖದ ಗುಡ್ಡಗಳನ್ನು ಅಗೆದದ್ದು ಗುಡಿಸಲಿನವರಲ್ಲ, ಗಣಿ ಕಂಪನಿ. ಅದು 2005ರ ಕೊನೆಗೆ ನಿಂತದ್ದು ನಾಗರಿಕರು ನ್ಯಾಯಾಲಯದ ಬಾಗಿಲು ತಟ್ಟಿದ್ದರಿಂದ.

ಆ ಬಾಗಿಲು ಗುಡ್ಡದ ಕಟ್ಟಕಡೆಯ ಮನೆಗೂ ತೆರೆದಿದೆ. ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಕೇಳಬೇಕು. ಉಪವಿಭಾಗ ಸಮಿತಿಯ ತೀರ್ಮಾನದ ವಿರುದ್ಧ 60 ದಿನಗಳೊಳಗೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಸಲ್ಲಿಸಬೇಕು. 1987ರ ಕಾಯ್ದೆಯನ್ವಯ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಉಂಟು. ಓದು ಬಲ್ಲ ವಿದ್ಯಾರ್ಥಿಗಳು ಊರ ಹಿರಿಯರ ಹೇಳಿಕೆಗಳನ್ನು ಇಂದೇ ಬರೆದಿಡಲಿ. ಆ ಹಿರಿಯರು ಕಣ್ಮರೆಯಾದರೆ ಸಾಕ್ಷ್ಯವೂ ಕಣ್ಮರೆಯಾದಂತೆ. ಹಕ್ಕು ಸರ್ಕಾರದ ಭಿಕ್ಷೆಯಲ್ಲ; ಕೇಳದವನಿಗೆ ಅದು ದಕ್ಕುವುದೂ ಇಲ್ಲ.