ಶಕ್ತಿನಗರದ ಬೂದಿ, ವೈಟ್‌ಫೀಲ್ಡಿನ ಸ್ಲ್ಯಾಬು

ವೈಟ್‌ಫೀಲ್ಡಿನ ಒಂದು ಸೈಟು. ಮೋಲ್ಡ್ ಹಾಕಿದ ಮಾರನೆಯ ದಿನ ಸ್ಲ್ಯಾಬಿನ ಮೇಲೆ ಗಾರೆಯ ಪುಟ್ಟ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಿದ್ದರು. ಪೈಪು ಹಿಡಿದಿದ್ದಾಕೆ ರಾಯಚೂರು ಕಡೆಯವಳು. ಮಾಲೀಕರು ಬಂದವರೇ, "ಸರ್, ಕಾಂಕ್ರೀಟಿಗೆ ಬೂದಿ ಗೀದಿ ಬೆರೆಸಿಲ್ಲ ತಾನೆ?" ಎಂದರು. "ಇಲ್ಲ ಸರ್, ಅಪ್ಪಟ ಫಿಫ್ಟಿ ತ್ರೀ ಗ್ರೇಡ್" ಎಂದೆ, ಹೆಮ್ಮೆಯಿಂದಲೇ. ಆಕೆ ನಕ್ಕಳು. "ನಮ್ಮೂರಾಗ ಅರಿವಿ ಒಣಗಾಕಿದ್ರ ಮ್ಯಾಲ ಬೂದಿ ಕುಂದ್ರತೈತ್ರೀ ಸಾಹೇಬ್ರ. ನೀವು ಅದರ ಹೆಸರಿಗೇ ಅಂಜತೀರಿ."

ಎಂಜಿನಿಯರ್ ಮಿತ್ರರೇ, ಆ ನಗುವಿಗೆ ನಾವು ಉತ್ತರ ಕೊಡಬೇಕಾಗಿದೆ.

ರಾಯಚೂರು ಬಳಿಯ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಇಂದು ಅದರ ಸಾಮರ್ಥ್ಯ 1,720 ಮೆಗಾವಾಟ್. ನಮ್ಮ ದೇಶದ ಕಲ್ಲಿದ್ದಲನ್ನು ಸುಟ್ಟರೆ ಸುಮಾರು ಮೂರನೇ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ. ವಿದ್ಯುತ್ತು ತಂತಿ ಹಿಡಿದು ಎಲೆಕ್ಟ್ರಾನಿಕ್ ಸಿಟಿಯ ಲಿಫ್ಟಿಗೂ ಪೀಣ್ಯದ ಲೇತ್ ಮಷೀನಿಗೂ ಬಂತು. ಬೂದಿ ಅಲ್ಲೇ ಹೊಂಡದಲ್ಲಿ ಕೂತು ಬೇಸಿಗೆಯಲ್ಲಿ ಒಣಗಿ ಹಾರುತ್ತದೆ. ಇತ್ತ ನಾವು, ಅದೇ ಬೂದಿ ಮಾಡಬಹುದಾದ ಕೆಲಸಕ್ಕೆ ಸೇಡಂ, ವಾಡಿ ಕಡೆಯ ಸುಣ್ಣಕಲ್ಲನ್ನು ಅಗೆಸಿ 1,450 ಡಿಗ್ರಿಯಲ್ಲಿ ಸುಡಿಸುತ್ತೇವೆ. ನೂರು ಕೆಜಿ ಶುದ್ಧ ಸುಣ್ಣಕಲ್ಲು ಸುಟ್ಟರೆ 44 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಗೂಡು ಉರಿಸುವ ಇಂಧನದ ಹೊಗೆ ಅದರ ಮೇಲೆ.

ಬೂದಿ ಎಂದರೆ ಕಲಬೆರಕೆ ಎಂಬ ಮಾತು ಹೇಗೆ ನೆಲೆಯೂರಿತೋ! ಕನ್ನಂಬಾಡಿ ಕಟ್ಟೆಯನ್ನು ನೆನೆಯಿರಿ. 1911ರಲ್ಲಿ ಕೆಲಸ ಶುರುವಾದ ಆ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆ, ಅಂದರೆ ಸುಣ್ಣದ ಜೊತೆ ಸುಟ್ಟ ಇಟ್ಟಿಗೆಯ ಪುಡಿ. ಆ ಪುಡಿ ಸುಣ್ಣವನ್ನು ಕುಡಿದು ಅಂಟಾಗುತ್ತದೆ. ಹಾರುಬೂದಿ ಮಾಡುವುದೂ ಇದನ್ನೇ. ಸಿಮೆಂಟು ನೀರಿನೊಡನೆ ಕೂಡಿದಾಗ ಒಂದಿಷ್ಟು ಸುಣ್ಣ ಬಿಡುತ್ತದೆ. ಬೂದಿ ಅದನ್ನು ನಿಧಾನವಾಗಿ ತಿಂದು ಇನ್ನಷ್ಟು ಅಂಟು ಕಟ್ಟುತ್ತದೆ, ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಒಳಗಿನ ಕಬ್ಬಿಣಕ್ಕೆ ನೀರು ತಲುಪುವುದು ಕಷ್ಟವಾಗುತ್ತದೆ. ಆ ಕಟ್ಟೆ ಕಟ್ಟಿಸಿದ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಸೆಪ್ಟೆಂಬರ್ 15ಕ್ಕೆ ಹಾರ ಹಾಕುವ ನಾವೇ ಬೂದಿ ಕಂಡರೆ ಮೂಗು ಮುರಿಯುತ್ತೇವೆ.

ತೋರಣಗಲ್ಲಿನ ಉಕ್ಕಿನ ಕುಲುಮೆಯಿಂದ ಬರುವ ಸ್ಲ್ಯಾಗ್ ಪುಡಿಯ ಲೆಕ್ಕ ಇನ್ನೂ ಸರಳ. ಘನ ಮೀಟರಿಗೆ 380 ಕೆಜಿ ಸಿಮೆಂಟ್ ಬೀಳುವ ಕಡೆ ಅರ್ಧದಷ್ಟು ಸ್ಲ್ಯಾಗ್ ಹಾಕಿದರೆ, ಆರು ಘನ ಮೀಟರಿನ ಒಂದು ಲಾರಿಯಲ್ಲಿ 22 ಮೂಟೆಗೂ ಹೆಚ್ಚು ಸಿಮೆಂಟ್ ಉಳಿಯಿತು. ಟೆಕ್ ಪಾರ್ಕುಗಳ ದಪ್ಪ ರ‍್ಯಾಫ್ಟಿಗಂತೂ ಇದು ವರ. ಬಿಸಿ ಕಡಿಮೆ, ಬಿರುಕೂ ಕಡಿಮೆ.

ಹಾಗಾದರೆ ಅಡ್ಡಿ ಏನು? ನಮ್ಮ ಅವಸರ. ಬೂದಿ ಬೆರೆತ ಕಾಂಕ್ರೀಟ್ ಮೊದಲ ವಾರ ಸ್ವಲ್ಪ ಸೋಮಾರಿ. ಏಳನೇ ದಿನದ ಕ್ಯೂಬ್ ಒಡೆದು ನೋಡಿ ಮುಖ ಸಿಂಡರಿಸುತ್ತೇವೆ. 56ನೇ ದಿನದವರೆಗೆ ಕಾಯುವ ವ್ಯವಧಾನ ಯಾರಿಗಿದೆ? ಸೆಂಟರಿಂಗ್ ಬಿಚ್ಚಿ ಮೇಲಿನ ಮಹಡಿಗೆ ಸಾಗಿಸಬೇಕು, ಬ್ಯಾಂಕಿನ ಕಂತು ಬಿಡುಗಡೆಯಾಗಬೇಕು. ಐಎಸ್ 456 ಇಂಥ ಕಾಂಕ್ರೀಟಿಗೆ ಕನಿಷ್ಠ 10 ದಿನ ನೀರುಣಿಸಿ, 14 ದಿನವಾದರೆ ಒಳ್ಳೆಯದು ಎನ್ನುತ್ತದೆ. ನಾವು ನಾಲ್ಕನೇ ದಿನಕ್ಕೇ ಪೈಪು ಸುತ್ತಿಡುತ್ತೇವೆ. ಆಮೇಲೆ ಮೇಲ್ಮೈ ಪುಡಿ ಉದುರಿದರೆ ದೂರು ಬೂದಿಯ ಮೇಲೆ!

ನೀರೆಲ್ಲಿದೆ ಎನ್ನುವಿರಾ? 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಬಾರದೆಂದಾಗ ನಾವೆಲ್ಲ ಸಂಸ್ಕರಿಸಿದ ನೀರಿನ ಟ್ಯಾಂಕರ್ ಹುಡುಕಿದೆವು. ಪರೀಕ್ಷೆ ಮಾಡಿಸಿದ ಆ ನೀರು ಸಾಕು, ಒದ್ದೆ ಗೋಣಿಚೀಲ ಹೊದಿಸಿದರೆ ಅರ್ಧ ಕೆಲಸ ಮುಗಿಯಿತು.

ಒಂದು ಮಾತು ಒಪ್ಪುತ್ತೇನೆ. ಮಾಲೀಕರ ಅನುಮಾನ ಪೂರ್ತಿ ಸುಳ್ಳಲ್ಲ. ಹೇಳದೆ ಕೇಳದೆ, ಜರಡಿ ಹಿಡಿಯದ ಬೂದಿ ಸುರಿದು ಸಿಮೆಂಟಿನ ದುಡ್ಡು ವಸೂಲಿ ಮಾಡುವವರು ಇದ್ದಾರೆ. ಅದು ಕಳ್ಳತನ. ಐಎಸ್ 3812ರ ಬೂದಿಯನ್ನು ತೂಗಿ, ಟ್ರಯಲ್ ಮಿಕ್ಸ್ ಮಾಡಿ, ಬ್ಯಾಚ್ ಶೀಟಿನಲ್ಲಿ ಬರೆದು, ಉಳಿದ ಹಣದಲ್ಲಿ ಮಾಲೀಕರಿಗೂ ಪಾಲು ಕೊಡುವುದು ಬೇರೆ. ಮನೆ ಕಟ್ಟಿಸುವವರೂ "ಬೂದಿ ಇದೆಯೇ" ಎಂದು ಕೇಳಿ ಸುಮ್ಮನಾಗಬೇಡಿ. ಯಾವ ಬೂದಿ, ಎಷ್ಟು, ತೂಕದ ಚೀಟಿ ಎಲ್ಲಿ ಎಂದು ಕೇಳಿ. ಅಂಗಡಿಯ ಪಿಪಿಸಿ ಸಿಮೆಂಟಿನ ಮೂಟೆಯಲ್ಲೇ ಶೇ. 15ರಿಂದ 35ರವರೆಗೆ ಬೂದಿ ಇರುತ್ತದೆ, ಕದ್ದು ಮುಚ್ಚಿ ಅಲ್ಲ.

ಮುಂದಿನ ಡ್ರಾಯಿಂಗಿಗೆ ಸಹಿ ಹಾಕುವ ಮುನ್ನ ಹಳೆಯ ಮಿಕ್ಸ್ ಡಿಸೈನನ್ನು ಹಾಗೇ ನಕಲು ಮಾಡಬೇಡಿ. ಇಪ್ಪತ್ತು ವರ್ಷ ನಾನು ಅದನ್ನೇ ಮಾಡಿದೆ. ಪಾಯದಿಂದಲೇ ಶುರುಮಾಡಿ. ಅಲ್ಲಿ ಯಾರೂ ಸೆಂಟರಿಂಗಿಗೆ ಕಾದು ಕೂತಿರುವುದಿಲ್ಲ. ಕಾಲಮ್ಮಿನ ಮೇಲೆ ಕಾಂಕ್ರೀಟ್ ಹಾಕಿದ ತಾರೀಖು ಸೀಮೆಸುಣ್ಣದಲ್ಲಿ ಬರೆಯುತ್ತೇವಲ್ಲ, ಅದರ ಕೆಳಗೆ ನೀರುಣಿಸುವುದನ್ನು ಮುಗಿಸಬೇಕಾದ ತಾರೀಖನ್ನೂ ಬರೆಯಿರಿ. ಪೈಪು ಹಿಡಿದಾಕೆಗೆ ಓದಿ ಹೇಳಿ, ಅಷ್ಟೂ ದಿನದ ಕೂಲಿ ಕೊಡಿ.