ಎಲ್ಲಾ ಮುತ್ತ್ಯಾಗಳ ಕೈಯಾಗೂ ಎಚ್ಎಂಟಿ?

ಅಲ್ರೀ, ನವಲಗುಂದ, ಅಣ್ಣಿಗೇರಿ ಕಡೆ ಹಳೇ ಮದುವಿ ಫೋಟೋ ಸಿಕ್ಕ ಕೂಡಲೇ ಮುತ್ತ್ಯಾನ ಕೈಯಾಗಿನ ಗಡಿಯಾರಕ್ಕ 'ಎಚ್ಎಂಟಿ ಜನತಾ' ಅಂತ ಬರದ್ರ ಮುಗೀತೇನು? ಫೋಟೋದ ಹಿಂದ 1956 ಅಂತ ಇದ್ರೂ! ಬೆಂಗಳೂರಾಗ ಜಪಾನಿನ ಸಿಟಿಜನ್ ಜೋಡಿ ಎಚ್ಎಂಟಿ ಕೈಗಡಿಯಾರ ಶುರುವಾಗಿದ್ದೇ 1961ರಾಗ. ಅದಕ್ಕೂ ಮೊದಲು ಫೇವರ್ ಲ್ಯೂಬಾ, ವೆಸ್ಟ್ ಎಂಡ್‌ನಂಥ ಸ್ವಿಸ್ ಮಾಲು ಬರ್ತಿತ್ತು.

ರೇಸ್ ಕಾರಿನ ಜೋ ಸಿಫರ್ಟ್ ಕೈಗೆ ಹೊಯರ್ ಕಟ್ಟಿದ್ದ ಅನ್ನೋರು ಡಯಲ್, ಮುಳ್ಳು, ಬದಿಯ ಗುಂಡಿ ಎಲ್ಲಾ ಕೂಡಿಸಿ ನೋಡ್ತಾರ. ನಾವು? ದುಂಡಗೈತಿ, ಬೆಳ್ಳಗೈತಿ... ಜನತಾ!

2016ರಾಗ ಎಚ್ಎಂಟಿ ಗಡಿಯಾರ ಕಂಪನಿ ಮುಚ್ಚೋ ತೀರ್ಮಾನ ಆದಮ್ಯಾಲಂತೂ ಈ ಹುಚ್ಚು ಹೆಚ್ಚಾಗೇತಿ. ಡಯಲ್‌ಗೆ ಹೊಸ ಬಣ್ಣ ಬಳದು ಮಾರೋರಿಗೆ ನಿಮ್ಮ ಅಡಿಬರಹನ ಸಾಕ್ಷಿ. ಹತ್ತಿ ಮಾರಿ ಮುತ್ತ್ಯಾ ತಗೊಂಡ ಗಡಿಯಾರದ ಹೆಸರು ಬದಲಿಸೋ ಹಕ್ಕು ನಿಮಗ್ಯಾರು ಕೊಟ್ರು? ಕಾಣದಿದ್ರ 'ಕೈಗಡಿಯಾರ' ಅಂತಷ್ಟೇ ಬರೀರಿ. ಮನ್ಯಾಗ ಅಜ್ಜಿ ಇದ್ರ ಮೊದಲು ಆಕಿನ್ನ ಕೇಳ್ರಿ... ಫೋಟೋಕ್ಕಂತ ಸ್ಟುಡಿಯೋದವರು ಕಟ್ಟಿದ್ದೋ ಏನೋ!