ಅರ್ಧಕ್ಕ ನಿಂತ ಕತಿ

ಜೋ ಡೆವರ್ ಅವರ ‘ಲೋನ್ ವುಲ್ಫ್’ ಪುಸ್ತಕದಾಗ ಓದಾಂವನ ನಾಯಕ. ತಾ ಆರಿಸಿದ ದಾರಿಯ ನಂಬರ್ ಹುಡುಕಿ ಮುಂದ ಓದಬೇಕು. 1984ರಾಗ ಶುರುವಾತು, ಒಟ್ಟು 32 ಪುಸ್ತಕ ಅಂತ ಲೆಕ್ಕ. 29 ಬರೆದು, 2016ರಾಗ ಡೆವರ್ ತೀರಿಕೊಂಡ್ರು. ಕಾದು ಕೂತವರ ಸಲುವಾಗಿ ಅವರ ಮಗ ಬೆನ್, ವಿನ್ಸೆಂಟ್ ಲಜ್ಜಾರಿ ಜೋಡಿ ಕೂಡಿ, ಅಪ್ಪನ ಟಿಪ್ಪಣಿ ನೋಡಿ ಉಳಿದದ್ದು ಬರೆದ.

ನಮ್ಮ ಹುಡುಗ, ‘ಬ್ಯಾರೆ ಕೈ, ಬ್ಯಾರೆ ರುಚಿ ಅವ್ವಾ’ ಅಂತ ಅವನ್ನ ಮುಟ್ಟಂಗಿಲ್ಲ.

ನಾ ಒಪ್ಪಂಗಿಲ್ಲ. ನಮ್ಮವ್ವ ಅರ್ಧ ಹೊಲದಿಟ್ಟು ಹೋದ ಕೌದಿ ಏಳು ವರ್ಷ ಟ್ರಂಕಿನ್ಯಾಗಿತ್ತು. ಮುಟ್ಟಾಕ ಧೈರ್ಯ ಬರಲಿಲ್ಲ. ಹೋದ ಚಳಿಗಾಲ ಮುಗಿಸಿದೆ. ಅವ್ವನ ಹೊಲಿಗಿ ಸಣ್ಣ, ನಂದು ದಪ್ಪ. ಎಲ್ಲಿಂದ ನಂದು ಅಂತ ಯಾರಿಗಾದ್ರೂ ಗೊತ್ತಾಗತದ. ಆಗಲಿ. ಈಗ ಮೊಮ್ಮಗಳು ಅದನ್ನ ಹೊದ್ದು ಮಲಗತಾಳ.

ನಿಮ್ಮ ಟ್ರಂಕಿನ್ಯಾಗೂ ಏನರೆ ಅರ್ಧಕ್ಕ ಇದ್ರ ತಗೀರಿ, ಅಕ್ಕಾರ.